ಮುಳ್ಳಯ್ಯನ ಮೋರಿ

ಮಕ್ಕಳೇ, ಕಾಡು ಅಂದರೆ ದೊಡ್ಡ ದೊಡ್ಡ ಮರ ಇರಲೇಬೇಕು ಅಂತಿಲ್ಲ. ಈ ಕತೆಯ ಕಾಡಿನಲ್ಲಿ ಇದ್ದದ್ದು ಜಾಲಿ, ಕಾರೆ, ಕಳ್ಳಿ, ಲಂಟಾನ. ನಡುವೆ ಒಂದು ಬೋಳುಗುಡ್ಡ. ಗುಡ್ಡದ ಹೆಗಲ ಮೇಲೆ ಒಂದಿಷ್ಟು ಸಪಾಟು ಜಾಗ. ಸಪಾಟಿನ ಈ ತುದಿಗೆ ಒಂದು ಬಿಲ, ಆ ತುದಿಗೆ ಹಳ್ಳ.

ಬಿಲ ಮುಳ್ಳಯ್ಯನದು. ಮುಳ್ಳಯ್ಯ ಒಂದು ಮುಳ್ಳುಹಂದಿ. ವಯಸ್ಸಾಗಿತ್ತು. ಕೇಳಿದರೆ ಒಂದು ಮಾತು ಆಡುತ್ತಿದ್ದ. ಕೇಳದಿದ್ದರೆ ಅದೂ ಇಲ್ಲ.

ಆ ಬಿಲಕ್ಕೆ ಒಂದು ಕಾಟ ಇತ್ತು. ಮಳೆ ಬಂದರೆ ಗುಡ್ಡದ ನೆತ್ತಿಯ ನೀರೆಲ್ಲ ಇಳಿದು ಸಪಾಟಿಗೆ ಬರುತ್ತಿತ್ತು. ಬಂದು ನಿಂತು, ಈಗ ಎತ್ತ ಹೋಗಲಿ ಅಂತ ಯೋಚಿಸುತ್ತಿತ್ತು. ಯೋಚಿಸಿ ಯೋಚಿಸಿ ಮುಳ್ಳಯ್ಯನ ಬಾಗಿಲಿಗೇ ನುಗ್ಗುತ್ತಿತ್ತು.

ಮೊದಲು ಇದನ್ನು ನೋಡಿಕೊಳ್ಳುತ್ತಿದ್ದವಳು ಅವನ ಹೆಂಡತಿ ಸಾಕವ್ವ. ಮೋಡ ಕಟ್ಟಿದರೆ ಸಾಕು, ಬಾಗಿಲಿಗೆ ಅಡ್ಡಲಾಗಿ ಮಣ್ಣು ಏರಿ ಹಾಕುತ್ತಿದ್ದಳು. ಕೊಚ್ಚಿ ಹೋದರೆ ಮತ್ತೆ ಹಾಕುತ್ತಿದ್ದಳು. ಮಳೆಗಾಲ ಪೂರ್ತಿ ಅವಳಿಗೆ ಅದೇ ಕೆಲಸ. ಒಳಕೋಣೆ ಒಂದು ಸಲವೂ ನೆನೆದದ್ದಿಲ್ಲ. ಮುಳ್ಳಯ್ಯ ಗೆಡ್ಡೆ ಅಗೆದು ತರುತ್ತಿದ್ದ. ತಿಂದು ಮಲಗುತ್ತಿದ್ದ. ಒಣಗಿರುವುದು ಆ ಮನೆಯ ಗುಣ ಅಂದುಕೊಂಡಿದ್ದ.

ಹೋದ ಮಾಗಿಯಲ್ಲಿ ಸಾಕವ್ವ ತೀರಿಹೋದಳು. ಅವಳು ಹೋಗಿ ತಿಂಗಳಿಗೆ ಒಂದು ಅಕಾಲದ ಮಳೆ ಬಂತು. ಒಳಕೋಣೆಯಲ್ಲಿ ಮೊಣಕಾಲುದ್ದ ನೀರು. ಅದು ಮನೆಯ ಗುಣ ಅಲ್ಲ ಅಂತ ಮುಳ್ಳಯ್ಯನಿಗೆ ಆಗ ಗೊತ್ತಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಗೊರವಂಕ ಬಂದು ಕಾರೆಗಿಡದ ಮೇಲೆ ಕೂತಿತು.

"ಮುಳ್ಳಯ್ಯಣ್ಣ, ಸಿಹಿ ಸುದ್ದಿ! ನಿನ್ನ ಮಗಳು ಚುಕ್ಕಿಗೆ ದಿನ ತುಂಬ್ತಾ ಇದೆ. ಚೊಚ್ಚಲು. ಬಾಣಂತನಕ್ಕೆ ತವರಿಗೆ ಬರ್ತಾಳಂತೆ."

"ಬರಲಿ."

"ಆರಿದ್ರ ಮಳೆ ಹುಟ್ಟೋದರೊಳಗೆ ಬರ್ತಾಳಂತೆ."

"ಬರಲಿ."

"ಒಂದು ಮಾತು ಕೇಳಿಕೊಂಡು ಬಾ ಅಂದಳು." ಗೊರವಂಕ ತಲೆ ಓರೆ ಮಾಡಿತು. "ಅವ್ವ ಇಲ್ಲವಲ್ಲ, ಒಳಕೋಣೆ ಒಣಗಿರುತ್ತಾ ಅಂತ. ಅಳುಕು ಅವಳಿಗೆ. ಒದ್ದೆ ನೆಲದಲ್ಲಿ ಹುಟ್ಟಿದ ಮರಿ ಉಳಿಯಲ್ಲ ಅಂತಾರಲ್ಲ."

ಮುಳ್ಳಯ್ಯ ನೆಲ ನೋಡಿದ.

"ಒಣಗಿರುತ್ತೆ ಅಂತ ಹೇಳು."

"ನಿಜವಾಗ್ಲೂ?"

"ಹೇಳು ಅಂದೆನಲ್ಲ."

ಗೊರವಂಕ ಹಾರಿಹೋಯಿತು. ಮಾತು ಅದರ ಜೊತೆ ಹೋಯಿತು. ಇನ್ನು ವಾಪಸು ತೆಗೆದುಕೊಳ್ಳುವ ಹಾಗಿಲ್ಲ.

ಆವತ್ತು ಇಡೀ ದಿನ ಮುಳ್ಳಯ್ಯ ಬಾಗಿಲಲ್ಲಿ ಕೂತು ಯೋಚಿಸಿದ. ಸಾಕವ್ವನ ಹಾಗೆ ಏರಿ ಹಾಕುತ್ತ ಕೂತರೆ ಬಾಣಂತಿಗೆ ಗೆಡ್ಡೆ ತರುವವರು ಯಾರು? ಗೆಡ್ಡೆಗೆ ಹೋದರೆ ಏರಿ ನೋಡುವವರು ಯಾರು? ಆಗ ಇಬ್ಬರಿದ್ದರು. ಈಗ ಒಬ್ಬ. ಒಬ್ಬ ಮಾಡುವ ಕೆಲಸ ಬೇರೆ ಥರ ಇರಬೇಕು. ತಡೆದರೆ ನೀರು ಕಾದು ಕೂತಿರುತ್ತದೆ. ದಾರಿ ಕೊಟ್ಟರೆ ಹೋಗುತ್ತದೆ. ಬಾಗಿಲಿಂದ ಹಳ್ಳದವರೆಗೆ ಒಂದು ಮೋರಿ ಮಾಡಬೇಕು.

ಆದರೆ ಅಲ್ಲಿನ ಮಣ್ಣು ಸಡಿಲ. ಬರೀ ತೋಡಿದರೆ ಒಂದೇ ಮಳೆಗೆ ಕುಸಿಯುತ್ತದೆ. ಒಳಗೆ ಏನಾದರೂ ಹಾಸಬೇಕು.

ಏನು ಹಾಸುವುದು? ಎಲ್ಲಿಂದ ತರುವುದು?

ಸಪಾಟಿನ ಪಕ್ಕದಲ್ಲಿ, ಒಂದು ಕೂಗಳತೆಯಲ್ಲಿ, ಹಾಳೂರು ಇತ್ತು. ಯಾವ ಕಾಲದಲ್ಲೋ ಜನ ಬಿಟ್ಟು ಹೋದ ಊರು. ಬಾವಿ ಬತ್ತಿತೋ, ಬೇಜಾರಾಯಿತೋ, ಯಾರಿಗೂ ಗೊತ್ತಿಲ್ಲ. ಗೋಡೆಗಳು ಬಿದ್ದಿದ್ದವು. ಮಾಡು ಕುಸಿದಿತ್ತು. ಮುಳ್ಳಯ್ಯ ಅಲ್ಲಿಗೆ ಹೋಗಿ ನಿಂತು ನೋಡಿದ.

ನಾಡಹೆಂಚು ರಾಶಿ ಬಿದ್ದಿತ್ತು. ಅರ್ಧ ಕೊಳವೆಯ ಹಾಗೆ ಬಗ್ಗಿದ ಹೆಂಚು. ನೂರಾರು ಮಳೆ ಕಂಡದ್ದು, ನೀರು ಹರಿಸಿ ಅಭ್ಯಾಸ ಆದದ್ದು. ಕೆಲವು ಇಡಿಯಾಗಿದ್ದವು. ಕೆಲವು ಮೂಲೆ ಮುರಿದಿದ್ದವು. ಹೆಚ್ಚಿನವು ಬರೀ ಚೂರು. ತಳ ಹೋದ ಮಡಕೆಗಳು ಆರೇಳು ಇದ್ದವು. ಬತ್ತಿದ ಬಾವಿಯ ಹತ್ತಿರ ಏತದ ಮರದ ದೋಣಿ ಬಿದ್ದಿತ್ತು. ಹಿಂದೆ ಜನ ನೀರೆತ್ತಿ ಹೊಯ್ಯುತ್ತಿದ್ದ ದೋಣಿ. ಒಂದು ಬದಿ ಸೀಳಿತ್ತು. ಇನ್ನೊಂದು ಬದಿ ಗಟ್ಟಿ.

"ಇಷ್ಟಿದೆಯಲ್ಲ" ಅಂದುಕೊಂಡ ಮುಳ್ಳಯ್ಯ.

ಹೆಂಚಿನ ಒಂದು ತುದಿ ಕಚ್ಚಿ ಹಿಂದೆ ಹಿಂದೆ ನಡೆಯುತ್ತ ಎಳೆದು ತಂದ. ಮುಂದಕ್ಕೆ ನಡೆದರೆ ಹೆಂಚು ಕಾಲಿಗೆ ತಗಲುತ್ತಿತ್ತು. ಮಡಕೆಗಳನ್ನು ಹಣೆಯಲ್ಲಿ ನೂಕಿ ಉರುಳಿಸಿದ. ಒಂದು ದಿನಕ್ಕೆ ಹತ್ತು ಸಲ ಹೋಗಿ ಬಂದ. ಮರುದಿನ ಹನ್ನೆರಡು ಸಲ.

ದಾರಿಯಲ್ಲಿ ಒಂದು ಹಳೇ ಹುತ್ತ. ಅದರಲ್ಲಿ ಕೀರಪ್ಪ ಅನ್ನುವ ಮುಂಗುಸಿ ಇದ್ದ. ಕೆಲಸಕ್ಕಿಂತ ನಾಲಿಗೆ ಚುರುಕು. ಮುಳ್ಳಯ್ಯ ಹಿಂದೆ ಹಿಂದೆ ಬರುವುದನ್ನು ನೋಡಿ ಅವನು ಹುತ್ತದ ತುದಿ ಹತ್ತಿ ಕೂತ.

"ಏನಣ್ಣ ಮುಳ್ಳಯ್ಯ! ಊರಿನವರೇ ಬೇಡ ಅಂತ ಬಿಟ್ಟು ಹೋದದ್ದನ್ನ ನೀನು ಹೊತ್ತುಕೊಂಡು ಬರ್ತಾ ಇದೀಯಲ್ಲ!"

"ಬೇಕಿತ್ತು."

"ಆ ಮಡಕೆಗೆ ತಳವೇ ಇಲ್ಲ ಕಣೋ!"

"ಇಲ್ಲದ್ದೇ ಬೇಕಿತ್ತು."

"ಹಾಗಾದರೆ ಹಲ್ಲಿಲ್ಲದ ಬಾಚಣಿಗೆ ಒಂದು ಸಿಕ್ಕಿದರೆ ತಾ. ನಿನ್ನ ಮುಳ್ಳು ನಾನೇ ಬಾಚಿಕೊಡ್ತೀನಿ."

ಕೀರಪ್ಪನ ಹೆಂಡತಿ ಹುತ್ತದ ಒಳಗಿಂದಲೇ ನಕ್ಕಳು. ಮುಳ್ಳಯ್ಯ ಮಡಕೆ ನೂಕಿಕೊಂಡು ಹೋದ.

ಆದರೆ ಮಕ್ಕಳೇ, ಮಾತು ಕಡಿಮೆ ಇದ್ದವರಿಗೆ ರೋಷ ಕಡಿಮೆ ಇರುತ್ತದೆ ಅಂದುಕೊಳ್ಳಬೇಡಿ. ಆ ನಗು ಮುಳ್ಳಯ್ಯನ ಕಿವಿಯಲ್ಲೇ ಉಳಿಯಿತು. "ಈ ಕೀರಪ್ಪ ಬಂದು ನೋಡಿ ಬಾಯಿ ಮುಚ್ಚಬೇಕು, ಹಾಗೆ ಮಾಡ್ತೀನಿ" ಅಂದುಕೊಂಡ. ಮೋರಿ ಮಾಡಲು ಹೊರಟದ್ದು ಮಗಳಿಗೆ. ಈಗ ಕೀರಪ್ಪನಿಗಾಗಿ ಮಾಡತೊಡಗಿದ.

ಎಲ್ಲಿಂದ ಶುರು ಮಾಡಿದ ಗೊತ್ತೇ? ಬಾಗಿಲಿಂದ. ಮುಳ್ಳುಹಂದಿಗಳು ಯಾವ ಕೆಲಸ ಮಾಡಿದರೂ ಬಾಗಿಲಿಂದಲೇ ಶುರು. ಮುಳ್ಳಯ್ಯನ ಅಪ್ಪ ಹಾಗೆ, ತಾತ ಹಾಗೆ. ಬಿಲ ತೋಡುವವರಿಗೆ ಅದೇ ಸರಿ. ಬಾಗಿಲು ಮೊದಲು, ಕೋಣೆ ಆಮೇಲೆ.

ಬಾಗಿಲ ಮುಂದೆ ಎದೆಯುದ್ದ ಅಗೆದ. ಮೈಯಲ್ಲಿ ಕಸುವಿತ್ತು. ಇಡೀ ಹೆಂಚುಗಳನ್ನೆಲ್ಲ ಆರಿಸಿ ಅಲ್ಲೇ ಹಾಸಿದ. ಎರಡು ಸಾಲು, ಕೆಂಪಗೆ, ಒಂದಕ್ಕೊಂದು ಒತ್ತಿ. ಹಾಳೂರಿನಲ್ಲಿ ನೀಲಿ ಹೂವಿದ್ದ ಪಿಂಗಾಣಿ ಚೂರು ಸಿಕ್ಕಿತ್ತು. ಅದನ್ನು ಬಾಗಿಲಿನ ನೆತ್ತಿಗೆ ಸಿಗಿಸಿದ. ಏತದ ದೋಣಿಯನ್ನು ನಿಲ್ಲಿಸಿ ಬಾಗಿಲಿಗೆ ಒಂದು ಕಂಬ ಮಾಡಿದ. ನೀರಿಗೂ ಕಂಬಕ್ಕೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ. ಅವನೂ ಕೇಳಿಕೊಳ್ಳಲಿಲ್ಲ.

ಮುಂದೆ ಹೋದ ಹಾಗೆ ಮೈ ದಣಿಯಿತು. ಎದೆಯುದ್ದ ಇದ್ದದ್ದು ಹೊಟ್ಟೆಯುದ್ದ ಆಯಿತು. ಹೊಟ್ಟೆಯುದ್ದ ಇದ್ದದ್ದು ಗೇಣುದ್ದ ಆಯಿತು. ಹೆಂಚೂ ಹಾಗೇ. ಇಡಿ ಮುಗಿದು ಮೂಲೆ ಮುರಿದದ್ದು ಬಂತು. ಅದು ಮುಗಿದು ಚೂರು ಬಂತು. ಹಳ್ಳ ಹತ್ತಿರ ಬರುವ ಹೊತ್ತಿಗೆ ಉಗುರು ಸವೆದಿತ್ತು. ನೆಲವನ್ನು ಬರೀ ಗೀರಿ, ಮೇಲೆ ಚೂರು ಚೆಲ್ಲಿದ.

ಹಳ್ಳದ ದಡದಲ್ಲಿ ಕೆಂಚಮ್ಮ ಅನ್ನುವ ಏಡಿ ಇದ್ದಳು. ಕಲ್ಲಿನ ಸಂದಿಯಲ್ಲಿ ಮನೆ. ಅವಳು ಎರಡು ಕಣ್ಣು ಮೇಲೆತ್ತಿ ನೋಡಿದಳು.

"ಮುಳ್ಳಯ್ಯ, ನಮ್ಮ ಕಡೆಯಿಂದ ಯಾಕಪ್ಪ ಶುರು ಮಾಡಲಿಲ್ಲ?"

"ನಮ್ಮಲ್ಲಿ ಬಾಗಿಲಿಂದಲೇ."

"ಅದು ಬಿಲಕ್ಕೆ. ಇದು ನೀರಿಗೆ. ನೀರು ಹೋಗೋ ಕಡೆ ತಗ್ಗಿರಬೇಕು. ನಿನ್ನ ಮೋರಿ ಇಲ್ಲಿ ನನ್ನ ಮೊಣಕಾಲಿಗೂ ಬರಲ್ಲ ನೋಡು."

ಬೇರೆ ದಿನ ಆಗಿದ್ದರೆ ಮುಳ್ಳಯ್ಯ ನಿಂತು ಕೇಳುತ್ತಿದ್ದನೋ ಏನೋ. ಆವತ್ತು ಬಾಗಿಲ ಕೆಂಪು ಅವನ ಕಣ್ಣಿಗೆ ಹತ್ತಿತ್ತು.

"ಅಡ್ಡಡ್ಡ ನಡೆಯೋರಿಗೆ ಎಲ್ಲಾ ಸೊಟ್ಟಗೆ ಕಾಣುತ್ತೆ" ಅಂದ.

ಕೆಂಚಮ್ಮ ಕೊಂಡಿ ಮಡಚಿಕೊಂಡಳು. "ಆಯ್ತಪ್ಪ. ನೇರ ನಡೆಯೋನು ನೀನೇ ನೋಡ್ಕೋ" ಅಂದು ಕಲ್ಲಿನ ಕೆಳಗೆ ಸರಿದಳು.

ಮರುದಿನ ಎಲ್ಲರೂ ನೋಡಲು ಬಂದರು. ಮೊಲ ಬಂತು. ಬುರ್ಲಿ ಹಕ್ಕಿ ತನ್ನ ಏಳು ಮರಿ ಕಟ್ಟಿಕೊಂಡು ಬಂತು. ಕೀರಪ್ಪನೂ ಬಂದ. ಬಾಗಿಲ ಹತ್ತಿರ ನಿಂತು ಮೂತಿ ಅಲ್ಲಾಡಿಸಿದ.

"ಅಲ್ಲ ಕಣೋ, ಕಸದಿಂದ ಅರಮನೆ ಮಾಡಿದೀಯಲ್ಲ!"

ಮುಳ್ಳಯ್ಯನ ಬೆನ್ನ ಮೇಲಿನ ಮುಳ್ಳೆಲ್ಲ ತಾವಾಗಿಯೇ ಎದ್ದವು. ಕೋಪಕ್ಕಲ್ಲ. ಹಿಗ್ಗಿಗೆ. ಅವರಲ್ಲಿ ಒಬ್ಬರೂ ಹಳ್ಳದ ತುದಿಗೆ ಹೋಗಿ ನೋಡಲಿಲ್ಲ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಮೂರನೇ ದಿನ ಮೃಗಶಿರ ಮಳೆ ಬಂತು.

ಮಧ್ಯಾಹ್ನ ಮೋಡ ಕವಿಯಿತು. ಆನೆ ಘೀಳಿಟ್ಟ ಹಾಗೆ ಗುಡುಗು. ಆಮೇಲೆ ಒಂದೇ ಸಮನೆ ಸುರಿಯಿತು. ಮುಳ್ಳಯ್ಯ ಬಾಗಿಲಲ್ಲಿ ಕೂತ, ನೀರು ಹಳ್ಳಕ್ಕೆ ಹೋಗುವುದನ್ನು ನೋಡಲು.

ನೀರು ಬಂತು. ಮೋರಿಗೆ ಇಳಿಯಿತು. ನಿಂತಿತು. ಆಮೇಲೆ ನಿಧಾನಕ್ಕೆ ತಿರುಗಿ, ಬಾಗಿಲ ಕಡೆಗೇ ಹರಿಯತೊಡಗಿತು.

ಮುಳ್ಳಯ್ಯ ಕಣ್ಣು ಉಜ್ಜಿಕೊಂಡ. ಹೌದು, ಬಾಗಿಲ ಕಡೆಗೇ. ನೆತ್ತಿಯ ನೀರು, ನಡುವೆ ಬಿದ್ದ ನೀರು, ಹಳ್ಳದ ದಡದ ಪಕ್ಕದಲ್ಲಿ ಬಿದ್ದ ನೀರೂ ಕೂಡ, ಎಲ್ಲ ಸೇರಿ, ಕೆಂಪು ಹೆಂಚಿನ ಮೇಲೆ ಜಾರಿ, ನೇರ ಒಳಗೆ. ಅವನು ಅಡ್ಡ ಮಲಗಿದ. ನೀರು ಅವನ ಮೇಲೆ ಹತ್ತಿ ಹೋಯಿತು. ಮಣ್ಣು ಕೆರೆದು ಏರಿ ಹಾಕಿದ. ಏರಿ ಕರಗಿ ನೀರಿನ ಜೊತೆ ಒಳಗೆ ಹೋಯಿತು.

ಮಳೆ ನಿಂತಾಗ ಒಳಕೋಣೆಯಲ್ಲಿ ಕುತ್ತಿಗೆಯುದ್ದ ನೀರಿತ್ತು. ಅಕಾಲದ ಮಳೆಗೆ ಬಂದದ್ದು ಮೊಣಕಾಲುದ್ದ. ಮೋರಿ ಮಾಡಿದ ಮೇಲೆ ಬಂದದ್ದು ಕುತ್ತಿಗೆಯುದ್ದ.

ಅದು ಸಾಕವ್ವ ತೋಡಿದ ಕೋಣೆ. ಗೋಡೆಯಲ್ಲಿ ಅವಳ ಉಗುರಿನ ಗೀರು ಸಾಲಾಗಿ ಇದ್ದವು. ನೀರು ಆ ಗೀರುಗಳನ್ನು ನೆಕ್ಕುತ್ತಿತ್ತು. ಮುಳ್ಳಯ್ಯ ನೀರಿನಲ್ಲೇ ನಿಂತಿದ್ದ.

ಹೊರಗೆ ಕೀರಪ್ಪನ ದನಿ.

"ಮುಳ್ಳಯ್ಯಣ್ಣ, ಮನೆಗೆ ನೀರು ನುಗ್ಗಿದವರನ್ನ ನೋಡಿದೀನಿ. ನೀರಿಗೆ ಹೆಂಚಿನ ದಾರಿ ಹಾಸಿ ಒಳಗೆ ಕರೆದವರನ್ನ ನೋಡಿದ್ದು ಇದೇ ಮೊದಲು! ಆರತಿ ತಟ್ಟೆ ಒಂದು ಮರೆತೆ ಅಷ್ಟೆ!"

ಮುಳ್ಳಯ್ಯ ಹೊರಗೆ ಬಂದ. ಮೈ ಕೊಡವಿದ. ಮುಳ್ಳು ಗಲಗಲ ಅಂದವು. ಕೀರಪ್ಪ ನಾಲ್ಕು ಹೆಜ್ಜೆ ಹಿಂದೆ ಹಾರಿದ. ಆದರೆ ಮುಳ್ಳಯ್ಯ ಅವನ ಕಡೆ ತಿರುಗಲಿಲ್ಲ. ಹಳ್ಳದ ಕಡೆ ನಡೆದ. ಆ ನಲವತ್ತು ಹೆಜ್ಜೆ ಅವನಿಗೆ ಹಾಳೂರಿನ ಎಲ್ಲ ಹೆಂಚಿಗಿಂತ ಭಾರವಾಗಿತ್ತು.

"ಕೆಂಚಮ್ಮ."

"ಏನಪ್ಪ, ನೇರ ನಡೆಯೋನೇ?" ಕಲ್ಲಿನ ಕೆಳಗಿಂದ ದನಿ ಬಂತು.

"ತಪ್ಪಾಯ್ತು."

"ಯಾರದು?"

"ನಂದು."

ಆಮೇಲೆ ಎರಡು ಕಣ್ಣು ಹೊರಗೆ ಬಂದವು.

"ಮೋರಿಯಲ್ಲಿ ನೀರು ಇನ್ನೂ ನಿಂತಿದೆಯಾ?"

"ನಿಂತಿದೆ."

"ಒಳ್ಳೇದಾಯ್ತು. ನಾನು ಹೇಳಿದರೆ ನಿನಗೆ ಸೊಟ್ಟ. ನಿಂತ ನೀರು ಸುಳ್ಳು ಹೇಳಲ್ಲ. ನಡಿ, ಅದನ್ನೇ ಕೇಳೋಣ."

ಕೆಂಚಮ್ಮ ಹಳ್ಳದ ತುದಿಯಿಂದ ಮೋರಿಗೆ ಇಳಿದಳು. ಅಡ್ಡಡ್ಡ ನಡೆಯುತ್ತ ಬಾಗಿಲ ಕಡೆ ಹೊರಟಳು. ಮುಳ್ಳಯ್ಯ ದಡದ ಮೇಲೆ ಜೊತೆಯಲ್ಲೇ ನಡೆದ. ಶುರುವಿಗೆ ಅವಳ ಉಗುರು ಕೂಡ ನೆನೆಯಲಿಲ್ಲ. ಹತ್ತು ಹೆಜ್ಜೆಗೆ ಕಾಲು ಮುಳುಗಿತು. ಇಪ್ಪತ್ತು ಹೆಜ್ಜೆಗೆ ಬೆನ್ನು ಮುಳುಗಿತು. ಬಾಗಿಲ ಹತ್ತಿರ ಬಂದಾಗ ಕಣ್ಣು ಎರಡೇ ಮೇಲಿದ್ದವು. ಆಮೇಲೆ ಅವೂ ಇಲ್ಲ. ನಾಲ್ಕು ಗುಳ್ಳೆ ಬಂದವು.

ಕೆಂಚಮ್ಮ ದಡ ಹತ್ತಿ ನೀರು ಉಗುಳಿದಳು. "ಕೇಳಿಸಿತಾ?"

"ಕೇಳಿಸಿತು" ಅಂದ ಮುಳ್ಳಯ್ಯ. "ನನ್ನ ಬಾಗಿಲೇ ತಗ್ಗು."

"ಬಾಗಿಲು ಮೊದಲು, ಬಾಗಿಲು ಮೊದಲು ಅಂತ ಬಾಗಿಲನ್ನೇ ಬಾವಿ ಮಾಡಿದೀಯ. ಈಗ ನೀರು ಬರೋ ಕಡೆ ಬಿಡು. ಹೋಗೋ ಕಡೆಯಿಂದ ಅಗೆಯಕ್ಕೆ ಶುರು ಮಾಡು. ನೀನು ಅಗೆದು ಮುಂದೆ ಬಂದ ಹಾಗೆ ನೀರು ನಿನ್ನ ಹಿಂದಕ್ಕೆ ಓಡಿ ಹೋಗ್ತಾ ಇರಬೇಕು. ಓಡಲಿಲ್ಲ ಅಂದರೆ ಅಲ್ಲೇ ನಿಲ್ಲು. ಸರಿ ಮಾಡಿ ಮುಂದೆ ಬಾ."

"ಹೂಂ."

"ಒಳ್ಳೇ ಹೆಂಚು ಎಲ್ಲ ಎಲ್ಲಿ ಹಾಕಿದೀಯ?"

"ಬಾಗಿಲಿಗೆ."

"ಅಲ್ಲಿ ಎಷ್ಟು ನೀರು ಬರುತ್ತೆ?"

ಮುಳ್ಳಯ್ಯ ಯೋಚಿಸಿದ. ಬಾಗಿಲಲ್ಲಿ ನೀರು ಆಗ ತಾನೇ ಸೇರುತ್ತಿರುತ್ತದೆ, ಒಂದು ಹಿಡಿ. ಹೋಗ್ತಾ ಹೋಗ್ತಾ ಹೆಚ್ಚಾಗುತ್ತದೆ. ಹಳ್ಳದ ತುದಿಯಲ್ಲಿ ಇಡೀ ಗುಡ್ಡದ ನೀರು ಒಟ್ಟಿಗೆ ಬಂದು ಗುದ್ದುತ್ತದೆ. ಅಲ್ಲಿ ಅವನು ಚೂರು ಚೆಲ್ಲಿದ್ದ.

"ಗೊತ್ತಾಯ್ತು" ಅಂದ.

ಆರಿದ್ರಕ್ಕೆ ಹನ್ನೆರಡು ದಿನ ಇತ್ತು.

ಮೊದಲ ದಿನ ಬಾಗಿಲು ಕಿತ್ತ. ಮಕ್ಕಳೇ, ನೀವೇ ಕಷ್ಟಪಟ್ಟು ಕಟ್ಟಿದ್ದನ್ನು, ನಾಲ್ಕು ಜನ ಹೊಗಳಿದ್ದನ್ನು, ನೀವೇ ಕೀಳಬೇಕು ಅಂದರೆ ಹೇಗಿರುತ್ತದೆ? ಕೀರಪ್ಪ ಹುತ್ತದ ಮೇಲೆ ಕೂತು ನೋಡುತ್ತಿದ್ದ. ಮುಳ್ಳಯ್ಯ ಒಂದೊಂದೇ ಹೆಂಚು ಕಿತ್ತು, ತೊಳೆದು, ಹಿಂದೆ ಹಿಂದೆ ನಡೆಯುತ್ತ ಹಳ್ಳದ ತುದಿಗೆ ಎಳೆದ.

"ಅರಮನೆ ಕೆಡವಿದೆಯಾ?" ಕೀರಪ್ಪ ಕೂಗಿದ.

"ಕೆಡವಿದೆ."

"ಇನ್ನೇನು ಮಾಡ್ತೀಯ?"

"ಮೋರಿ."

ದಡದಿಂದ ಶುರು ಮಾಡಿದ. ಈಗ ಅಲ್ಲಿ ಎದೆಯುದ್ದ ಅಗೆದ. ಮೊದಲ ಹೆಂಚು ಹಳ್ಳದ ಕಡೆ ಇಟ್ಟ. ಎರಡನೆಯದರ ತುದಿಯನ್ನು ಮೊದಲನೆಯದರ ಮೇಲೆ ಏರಿಸಿದ, ಮೀನಿನ ಪೊರೆಯ ಹಾಗೆ. ನೀರು ಮೇಲಿನದರಿಂದ ಕೆಳಗಿನದಕ್ಕೆ ಇಳಿಯಬೇಕು, ಸಂದಿಗೆ ನುಗ್ಗಬಾರದು. ಐದು ಹೆಂಚು ಇಟ್ಟ ಮೇಲೆ ಒಡೆದ ಮಡಕೆಯ ಹೋಳಿನಲ್ಲಿ ಹಳ್ಳದ ನೀರು ತಂದು ಸುರಿದು ನೋಡುತ್ತಿದ್ದ. ನೀರು ಹಿಂದಕ್ಕೆ ಓಡಿದರೆ ಮುಂದಿನ ಐದು. ನಿಂತರೆ ಕಿತ್ತು ಮತ್ತೆ.

ಬಾಗಿಲಿಗೆ ಕಂಬವಾಗಿ ನಿಂತಿದ್ದ ದೋಣಿಯನ್ನು ಮಲಗಿಸಿ ಎಳೆದು ತಂದ. ಅದನ್ನು ದಡದಿಂದ ಹೊರಕ್ಕೆ ಚಾಚಿ, ಸೀಳಿದ ಬದಿ ಮೇಲೆ ಬರುವ ಹಾಗೆ ಇಟ್ಟ. ಈಗ ನೀರು ದಡ ಕೊರೆಯುವ ಹಾಗಿಲ್ಲ. ದೂರಕ್ಕೆ ಹೋಗಿ ಬೀಳಬೇಕು. ನಡುವೆ ಒಂದು ಕಡೆ ಕಾಡುಹಂದಿಗಳ ಕಾಲುದಾರಿ ಅಡ್ಡ ಬಂತು. ಹೆಂಚು ಇಟ್ಟರೆ ಅವು ತುಳಿದು ಪುಡಿ ಮಾಡುತ್ತವೆ. ಅಲ್ಲಿ ಆಳಕ್ಕೆ ತೋಡಿ, ತಳ ಇಲ್ಲದ ಮಡಕೆಗಳನ್ನು ಒಂದರ ಬಾಯಿಗೆ ಒಂದು ಸಿಗಿಸಿ ಮಲಗಿಸಿದ. ಮೇಲೆ ಮಣ್ಣು ಮುಚ್ಚಿದ. ತಳ ಇದ್ದಿದ್ದರೆ ಆ ಕೆಲಸ ಆಗುತ್ತಲೇ ಇರಲಿಲ್ಲ.

ಮೂಲೆ ಮುರಿದವು ನಡುವೆ ಬಂದವು. ಬಾಗಿಲ ಬಾವಿಯನ್ನು ಮಣ್ಣು ತುಂಬಿ ಎತ್ತರಿಸಿದ. ಚೂರುಗಳನ್ನೆಲ್ಲ ಅದರ ಮೇಲೆ ದಪ್ಪಗೆ ಹಾಸಿದ. ನೀರು ಚೂರಿನ ಸಂದಿಯಲ್ಲಿ ಸೋಸಿ ಹೋಗಲಿ, ಮಣ್ಣು ಇಲ್ಲೇ ಉಳಿಯಲಿ ಅಂತ. ಹೂವಿನ ಪಿಂಗಾಣಿಯೂ ಆ ಚೂರಿನಲ್ಲೇ ಸೇರಿತು. ಬಾಗಿಲು ಈಗ ಕುಂಬಾರನ ಹಿತ್ತಲ ಹಾಗೆ ಕಾಣುತ್ತಿತ್ತು. ಒಳಕೋಣೆಯ ನೀರು ಅಷ್ಟರಲ್ಲಿ ನೆಲಕ್ಕೆ ಇಂಗಿತ್ತು; ಅಲ್ಲಿ ಒಣ ಎಲೆ ತಂದು ಹಾಸಿದ.

ಒಂಬತ್ತನೇ ದಿನ ಸಣ್ಣ ಮಳೆ ಬಂತು. ನೀರು ಹಳ್ಳದ ಕಡೆಗೇ ಹೋಯಿತು. ಮುಳ್ಳಯ್ಯ ಉಸಿರು ಬಿಟ್ಟ. ಅಷ್ಟರಲ್ಲಿ ನೀರು ನಡುದಾರಿಯಲ್ಲೇ ನಿಂತಿತು. ಓಡಿ ಹೋಗಿ ನೋಡಿದರೆ, ಮೊದಲ ಮಡಕೆಯ ಬಾಯಿಗೆ ಲಂಟಾನದ ಎಲೆ ಮೆತ್ತಿಕೊಂಡಿತ್ತು. ಎಲೆ ತೆಗೆದ. ನೀರು ಹೋಯಿತು. ಮತ್ತೆ ಎಲೆ ಬಂತು. ಮತ್ತೆ ತೆಗೆದ.

ಹೀಗೆ ಎಷ್ಟು ದಿನ ಕೂತು ತೆಗೆಯುವುದು? ಎಲೆ ತಡೆಯುವುದಕ್ಕೆ ಏನಾದರೂ ಬೇಕು. ಗಟ್ಟಿ ಇರಬೇಕು. ತೆಳ್ಳಗಿರಬೇಕು. ಕೊಳೆಯಬಾರದು. ಹಾಳೂರಿಗೆ ಹೋಗಿ ಹುಡುಕಿದ. ಸಿಗಲಿಲ್ಲ.

ಒಳಕೋಣೆಯ ಮೂಲೆಯಲ್ಲಿ, ಗೋಡೆಯ ಎತ್ತರದ ಗೂಡಿನಲ್ಲಿ, ಸಾಕವ್ವನ ಮುಳ್ಳುಗಳಿದ್ದವು. ವರ್ಷ ವರ್ಷ ಉದುರಿದವು. ಅವಳು ಅವನ್ನು ಕೂಡಿಟ್ಟಿದ್ದಳು, ಯಾಕೆ ಅಂತ ಅವನು ಕೇಳಿರಲಿಲ್ಲ. ಅವಳು ಹೋದ ಮೇಲೆ ಆ ಮೂಲೆಗೆ ಅವನು ಹೋಗಿರಲಿಲ್ಲ.

ಆವತ್ತು ಹೋದ. ಕೂತ. ಒಂದೊಂದೇ ಎತ್ತಿಕೊಂಡ. ಕಪ್ಪು ಬಿಳಿ, ಕಪ್ಪು ಬಿಳಿ.

ಮಡಕೆಯ ಬಾಯಿಗೆ ಎರಡು ಹೆಜ್ಜೆ ಮೊದಲು, ಮೋರಿಯ ಅಡ್ಡಕ್ಕೆ, ಅವನ್ನು ಸಾಲಾಗಿ ನೆಟ್ಟ. ನಡುವೆ ಒಂದು ಇರುವೆ ಹೋಗುವಷ್ಟು ಸಂದಿ. ಒಂದಿಷ್ಟು ನೀರು ತಂದು ಎಲೆ ಹಾಕಿ ಬಿಟ್ಟ. ಎಲೆ ಮುಳ್ಳಿಗೆ ಸಿಕ್ಕಿ ನಿಂತಿತು. ನೀರು ಹೋಯಿತು.

ಹನ್ನೊಂದನೇ ದಿನ ಚುಕ್ಕಿ ಬಂದಳು. ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಬಾಗಿಲಲ್ಲಿ ನಿಂತು ನಾಲ್ಕೂ ಕಡೆ ನೋಡಿದಳು.

"ಅಪ್ಪ, ಬಾಗಿಲು ಅರಮನೆ ಹಾಗೆ ಮಾಡಿದಾನೆ ನಿಮ್ಮಪ್ಪ ಅಂತ ಗೊರವಂಕ ಹೇಳಿತ್ತು."

"ಮಾಡಿದ್ದೆ. ಕಿತ್ತೆ."

"ಯಾಕಪ್ಪ?"

"ನೀರಿಗೆ ಬೇಕಿತ್ತು. ಬಾ, ತೋರಿಸ್ತೀನಿ."

ನಿಧಾನಕ್ಕೆ ನಡೆದರು. ಅವಳು ಬಸುರಿ, ಅವನು ಮುದುಕ. ಮುಳ್ಳಿನ ಸಾಲಿನ ಹತ್ತಿರ ಚುಕ್ಕಿ ನಿಂತಳು. ಬಗ್ಗಿ ಮೂಸಿ ನೋಡಿದಳು.

"ಇವು ಅವ್ವನ ಮುಳ್ಳಲ್ಲವಾ?"

"ಹೌದು."

"ಕೆಸರಲ್ಲಿ ನೆಟ್ಟಿದೀಯಲ್ಲಪ್ಪ."

ಮುಳ್ಳಯ್ಯ ತಡೆದು ಹೇಳಿದ. "ಮೂಲೇಲಿ ಸುಮ್ಮನೆ ಬಿದ್ದಿದ್ದವು. ನಿಮ್ಮವ್ವ ಸುಮ್ಮನೆ ಕೂತವಳಲ್ಲ."

ಒಂದು ಮುಳ್ಳು ಸ್ವಲ್ಪ ವಾಲಿತ್ತು. ಚುಕ್ಕಿ ಅದನ್ನು ಮೂತಿಯಿಂದ ನೂಕಿ ನೆಟ್ಟಗೆ ಮಾಡಿದಳು.

ಮರುದಿನ ಆರಿದ್ರ ಹುಟ್ಟಿತು. ಆರಿದ್ರ ಮಳೆ ಆರದೆ ಹೊಯ್ಯುತ್ತದೆ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಒಂದು ದಿನ ಹೊಯ್ಯಿತು. ಎರಡು ದಿನ ಹೊಯ್ಯಿತು. ನೆತ್ತಿಯ ನೀರು ಕೆಂಪಗೆ ಇಳಿದು ಬಂತು, ಕಲ್ಲು ಉರುಳಿಸಿಕೊಂಡು ಬಂತು. ಬಾಗಿಲ ಮುಂದೆ ಬಂದು, ಚೂರಿನ ಮೇಲೆ ಹರಡಿ, ತಣ್ಣಗೆ ಮೋರಿಗೆ ಇಳಿಯಿತು. ಇಳಿದು ಹೊರಟುಹೋಯಿತು.

ಮೂರನೇ ದಿನ ಬೆಳಿಗ್ಗೆ ಒಳಕೋಣೆಯಲ್ಲಿ ಚುಕ್ಕಿಗೆ ನೋವು ಶುರುವಾಯಿತು. ಮುಳ್ಳಯ್ಯ ಒಳಗೆ ಬಂದು ನೆಲಕ್ಕೆ ಕೆನ್ನೆ ಇಟ್ಟು ನೋಡಿದ. ಹೊರಗೆ ಹೋಗಿ ಎಲೆ ತೆಗೆದ. ಒಳಗೆ ಬಂದು ಮತ್ತೆ ಕೆನ್ನೆ ಇಟ್ಟ. ಹೀಗೆ ಏಳು ಸಲ.

"ಅಪ್ಪ" ಅಂದಳು ಚುಕ್ಕಿ, ನೋವಿನ ನಡುವೆ. "ಒಣಗೇ ಇದೆ. ಸುಮ್ಮನೆ ಒಂದು ಕಡೆ ಕೂತ್ಕೋ."

ಮಧ್ಯಾಹ್ನಕ್ಕೆ ಎರಡು ಮರಿ ಹುಟ್ಟಿದವು. ಒಂದು ಹೆಣ್ಣು, ಒಂದು ಗಂಡು. ಮುಳ್ಳು ಇನ್ನೂ ಮೆತ್ತಗೆ, ಹುಲ್ಲಿನ ಹಾಗೆ. ಮರಿಗಳ ಕೆಳಗೆ 'ಚರಪರ' ಅನ್ನುವಷ್ಟು ಒಣ ಎಲೆ.

ಸಂಜೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಕೀರಪ್ಪ. ಬಾಲ ಹಗ್ಗದ ಹಾಗೆ ಜೋತಿತ್ತು. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿಂದೆ ಅವನ ಹೆಂಡತಿಯೂ ಹಾಗೇ.

"ಬಾಣಂತಿ ನೋಡಿಕೊಂಡು ಹೋಗೋಣ ಅಂತ ಬಂದೆವು" ಅಂದ ಕೀರಪ್ಪ.

ಹುತ್ತ ಕರಗಿ ಕುಳಿತಿದೆ ಅಂತ ಮುಳ್ಳಯ್ಯನಿಗೆ ಗೊತ್ತಿತ್ತು. "ಬನ್ನಿ" ಅಂದ. "ಕಾಲು ಒರೆಸಿಕೊಂಡು ಬನ್ನಿ. ನೆಲ ಒದ್ದೆ ಆಗುತ್ತೆ."

ಬಾಣಂತಿ ನೋಡಲು ಬಂದವರು ನಾಲ್ಕು ದಿನ ನೋಡಿದರು.

ಐದನೇ ದಿನ ಮಳೆ ಸ್ವಲ್ಪ ಸಣ್ಣಗಾಯಿತು. ಕೀರಪ್ಪ ಹಿಂದೆ ಮುಂದೆ ನೋಡಿ ಕೇಳಿದ. "ಅಣ್ಣ, ಹುತ್ತ ಮತ್ತೆ ಕಟ್ಟಬೇಕು. ಹಾಳೂರಲ್ಲಿ ತಳ ಇಲ್ಲದ ಮಡಕೆ ಇನ್ನೂ ಉಳಿದಿದಾವಾ?"

"ಉಳಿದಿದಾವೆ. ನಡಿ, ಮೊದಲು ತುದಿ ನೋಡು."

ಇಬ್ಬರೂ ಹಳ್ಳದ ದಡಕ್ಕೆ ಹೋದರು. ದೋಣಿಯ ಬಾಯಿಂದ ನೀರು ತೋಳಿನಷ್ಟು ದಪ್ಪ ಬಿಲ್ಲಿನ ಹಾಗೆ ಬಗ್ಗಿ ಹಳ್ಳಕ್ಕೆ ಬೀಳುತ್ತಿತ್ತು. ಹಳ್ಳದ ನೀರು ಕೆಂಪು. ದೋಣಿಯ ನೀರು ತಿಳಿ. ಕೆಂಚಮ್ಮ ಅದರ ಕೆಳಗೆ ಕೂತು ಬೆನ್ನು ತೊಳೆದುಕೊಳ್ಳುತ್ತಿದ್ದಳು. ಆಚೆ ದಡದಲ್ಲಿ ಊರೂರು ತಿರುಗುವ ಒಂದು ಕೊಕ್ಕರೆ ಒಂಟಿ ಕಾಲಲ್ಲಿ ನಿಂತು ಬೆರಗಾಗಿ ನೋಡುತ್ತಿತ್ತು.

"ಎಷ್ಟೋ ಹಳ್ಳ ನೋಡಿದೀನಿ" ಅಂದಿತು ಕೊಕ್ಕರೆ. "ಇಂಥ ತಿಳಿನೀರು ಮಳೆಗಾಲದಲ್ಲಿ ನೋಡಿಲ್ಲ. ಯಾರು ಮಾಡಿದ್ದು? ಮನುಷ್ಯರಾ?"

"ಮನುಷ್ಯರು ಯಾಕೆ!" ಕೀರಪ್ಪ ಎದೆ ಉಬ್ಬಿಸಿದ. "ನಾವೇ! ನಮ್ಮ ಗುಡ್ಡದವರೇ!"

ಕೆಂಚಮ್ಮ ನೀರಿನಲ್ಲೇ 'ಗುಳುಗುಳು' ನಕ್ಕಳು.

ಮುಳ್ಳಯ್ಯ ದೋಣಿಯ ಪಕ್ಕಕ್ಕೆ ಹೋಗಿ ನಿಂತ. ಬೆನ್ನ ಮುಳ್ಳು ಎದ್ದವು, ಒಂದೂ ಬಾಕಿ ಇಲ್ಲದೆ.

"ನಾನು ಮಾಡಿದ್ದು" ಅಂದ. "ಎಲ್ಲಿಂದ ಅಗೆಯಬೇಕು ಅಂತ ಹೇಳಿದ್ದು ಈ ಕೆಂಚಮ್ಮ. ಹೆಂಚು ಹಾಳೂರಿಂದು. ಎಲೆ ತಡೆಯೋ ಮುಳ್ಳು ನನ್ನ ಹೆಂಡತೀದು. ಮಾಡಿದ್ದು ನಾನು."

ಕೊಕ್ಕರೆ ಇನ್ನೊಂದು ಕಾಲನ್ನೂ ಇಳಿಸಿ ಎರಡು ಕಾಲಲ್ಲಿ ನಿಂತಿತು. ಅದು ಕೊಕ್ಕರೆಗಳು ಮರ್ಯಾದೆ ಕೊಡುವ ರೀತಿ.

ನೀರು ಬೀಳುತ್ತಲೇ ಇತ್ತು. ಮೇಲೆ ಬಿಲದೊಳಗೆ, ಒಣ ನೆಲದಲ್ಲಿ, ಎರಡು ಮರಿ ಹಾಲು ಕುಡಿದು ಮಲಗಿದ್ದವು.

ನೀತಿ: ಬಿಸಾಡಿದ ವಸ್ತುವಿಗೂ ಬೆಲೆ ಉಂಟು, ಅದರ ಜಾಗದಲ್ಲಿ ಇಟ್ಟರೆ. ಆ ಜಾಗವನ್ನು ಆಗಬೇಕಾದ ಕೆಲಸ ತೋರಿಸಬೇಕು, ನೋಡುವವರ ಕಣ್ಣಲ್ಲ.